ಪಕ್ಕದ ಬೀದಿ ಪಾರ್ಲರಿನವಳೂ ನಮ್ಮವಳೇ ಅಲ್ವಾ?

"ಅಯ್ಯೋ, ಯಾರ್ರೀ ಇದು ನಿಮ್ಮ ಹುಬ್ಬನ್ನ ಹೀಗೆ ಹಾಳು ಮಾಡಿದ್ದು?"

ಪಾರ್ಲರ್ ಕುರ್ಚಿಯಲ್ಲಿ ಕೂತು ಈ ಮಾತು ಕೇಳಿಸಿಕೊಳ್ಳದ ಗೃಹಿಣಿ ನಮ್ಮಲ್ಲಿ ಯಾರಾದರೂ ಇದ್ದೀರಾ? ಕೈಯಲ್ಲಿ ದಾರ ಹಿಡಿದವಳು ನಿಮ್ಮ ಹುಬ್ಬು ನೋಡಿ ಲೊಚಗುಟ್ಟುತ್ತಾಳೆ. ನಿಮಗೆ ಒಳಗೊಳಗೇ ದಿಗಿಲು. "ಹೋದ ತಿಂಗಳು ಮಾರ್ಕೆಟ್ ಹತ್ತಿರದ ಪಾರ್ಲರಿಗೆ ಹೋಗಿದ್ದೆ ಕಣ್ರೀ" ಅಂತ ತಪ್ಪು ಮಾಡಿದವರ ಹಾಗೆ ಹೇಳ್ತೀರಿ. ಅಲ್ಲಿಗೆ ಮುಗಿಯಿತು. ಮುಖವನ್ನೇ ಕಂಡಿರದ ಇನ್ನೊಬ್ಬ ಹೆಂಗಸಿನ ಮರ್ಯಾದೆಯನ್ನು ಎರಡೇ ನಿಮಿಷದಲ್ಲಿ ತೆಗೆದು, ಈಕೆ ತನ್ನ ಗಿರಾಕಿಯನ್ನು ಗಟ್ಟಿ ಮಾಡಿಕೊಂಡಿರುತ್ತಾಳೆ.

ಇದನ್ನು ನಾನು ಬೇರೆಯವರ ಮೇಲಿನ ದೂರಾಗಿ ಬರೀತಿಲ್ಲ. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲದಿಂದ ಬೆಂಗಳೂರಿನಲ್ಲಿ ಪಾರ್ಲರ್ ನಡೆಸುತ್ತಿರುವ ನಾನೂ ಇಂಥ ಮಾತನ್ನು ಎಷ್ಟೋ ಸಲ ಆಡಿದ್ದೇನೆ. ಒಂದು ಸಲ ಆಡಿದ್ದು ಮಾತ್ರ ಗಂಟಲಲ್ಲಿ ಸಿಕ್ಕಿಕೊಂಡ ಮುಳ್ಳಿನ ಹಾಗೆ ಇವತ್ತಿಗೂ ಚುಚ್ಚುತ್ತದೆ.

ಒಂದು ಫೋನ್ ಮಾಡಿದ್ದರೆ...

2011ರ ಮದುವೆ ಸೀಸನ್. ಮದುವೆಗೆ ನಾಲ್ಕೇ ದಿನ ಇರುವಾಗ ಹುಡುಗಿಯೊಬ್ಬಳು ಅಮ್ಮನ ಜೊತೆ ನನ್ನ ಪಾರ್ಲರಿಗೆ ಬಂದಳು. ಮೇಲ್ದುಟಿಯ ಮೇಲಿನ ಚರ್ಮ ಸಿಪ್ಪೆ ಎದ್ದು ಕೆಂಪಗಾಗಿತ್ತು. ಎರಡು ಬೀದಿ ಆಚೆಯ ಪುಟ್ಟ ಪಾರ್ಲರಿನಲ್ಲಿ ವ್ಯಾಕ್ಸ್ ಮಾಡಿಸಿದ್ದರಂತೆ. ನಾನು ಏನನ್ನೂ ವಿಚಾರಿಸಲಿಲ್ಲ. "ಅವಳಿಗೆ ಟ್ರೈನಿಂಗ್ ಆಗಿದೆಯೋ ಇಲ್ವೋ ಯಾರಿಗೆ ಗೊತ್ತು? ಹತ್ತು ರೂಪಾಯಿ ಉಳಿಸೋಕೆ ಹೋಗಿ ಅಂಥ ಕಡೆ ಮುಖ ಕೊಡ್ತೀರಲ್ಲಾ!" ಅಂದುಬಿಟ್ಟೆ.

ಆ ಅಮ್ಮ ಸುಮ್ಮನಿರುತ್ತಾರೆಯೇ? ಮಾತು ಛತ್ರಕ್ಕೆ ಹೋಯಿತು. ಛತ್ರದಿಂದ ಮಹಿಳಾ ಸಮಾಜಕ್ಕೆ, ಅಲ್ಲಿಂದ ಚೀಟಿ ಗುಂಪಿಗೆ. ಯುಗಾದಿ ಹೊತ್ತಿಗೆ ಆ ಪಾರ್ಲರಿನ ಮುಂದೆ ಚಪ್ಪಲಿಗಳೇ ಕಾಣುತ್ತಿರಲಿಲ್ಲ. ಆಷಾಢದಲ್ಲಿ ಬೋರ್ಡೂ ಇಳಿಯಿತು. ಸುಳ್ಳು ಯಾಕೆ ಹೇಳಲಿ? ನನಗೆ ಆಗ ಖುಷಿಯೇ ಆಗಿತ್ತು.

ಮರುವರ್ಷ ಅದೇ ಹುಡುಗಿ ಬಂದಳು. ಮುಖವೆಲ್ಲ ಕೆಂಪು, ಉರಿ. "ಮುಖಕ್ಕೆ ಏನು ಹಚ್ಚುತ್ತೀಯಮ್ಮಾ?" ಅಂತ ಮೊದಲ ಸಲ ಕೇಳಿದೆ. ಬ್ಯಾಗಿನಿಂದ ಒಂದು ಟ್ಯೂಬ್ ತೆಗೆದಳು. ಬೆಳ್ಳಗಾಗಲು ಅಂತ ಯಾರೋ ಹೇಳಿದ್ದನ್ನು ಮೆಡಿಕಲ್ ಶಾಪಿನಿಂದ ತಂದು, ಮದುವೆಗೆ ಆರು ತಿಂಗಳು ಮೊದಲಿಂದಲೇ ಹಚ್ಚುತ್ತಿದ್ದಾಳೆ! ಚರ್ಮದ ಡಾಕ್ಟರ ಹತ್ತಿರ ಕಳಿಸಿದೆ. ಅದರಲ್ಲಿ ಸ್ಟೆರಾಯ್ಡ್ ಜೊತೆಗೆ ಟ್ರೆಟಿನಾಯಿನ್ ಕೂಡ ಇತ್ತು. ಇವನ್ನು ತಿಂಗಳುಗಟ್ಟಲೆ ಹಚ್ಚಿದರೆ ಚರ್ಮ ನಾಜೂಕಾಗುತ್ತದೆ. ಅಂಥ ಚರ್ಮಕ್ಕೆ ಯಾರು ವ್ಯಾಕ್ಸ್ ಹಾಕಿದರೂ ಕೂದಲಿನ ಜೊತೆ ಚರ್ಮವೂ ಕಿತ್ತು ಬರಬಹುದು.

ಆಕೆ ಕೇಳಿರಲಿಲ್ಲ, ಹುಡುಗಿ ಹೇಳಿರಲಿಲ್ಲ. ಕೇಳದೇ ಇದ್ದದ್ದು ತಪ್ಪೇ. ಆದರೆ ನನ್ನ ಪಾರ್ಲರಿನಲ್ಲಿ ಆ ಪ್ರಶ್ನೆ ಕೇಳುತ್ತಿದ್ದೆವಾ? ಇಲ್ಲ! ಆ ಹುಡುಗಿ ಮೊದಲು ನನ್ನ ಹತ್ತಿರ ಬಂದಿದ್ದರೆ ಬೋರ್ಡ್ ಇಳಿಸುವ ಸರದಿ ನನ್ನದಾಗುತ್ತಿತ್ತು.

ಚಿಕ್ಕಪೇಟೆಯ ಹೋಲ್‌ಸೇಲ್ ಅಂಗಡಿಯಲ್ಲಿ ವಿಚಾರಿಸಿ ಆಕೆಯ ಮನೆ ಹುಡುಕಿಕೊಂಡು ಹೋದೆ. ಸೀರೆಗೆ ಫಾಲ್ಸ್ ಹಾಕುತ್ತಾ ಕೂತಿದ್ದರು. ಎಲ್ಲ ಹೇಳಿ ಕ್ಷಮೆ ಕೇಳಿದೆ. ಕೂಗಾಡಲಿಲ್ಲ, ಅಳಲಿಲ್ಲ. ಕಾಫಿ ಕೊಟ್ಟರು. "ಒಂದು ಫೋನ್ ಮಾಡಿ ಏನಾಯ್ತು ಅಂತ ಕೇಳಿದ್ರೆ ಸಾಕಿತ್ತು ಅಕ್ಕಾ. ಬೋರ್ಡ್ ಮೇಲೆ ನಂಬರ್ ಇತ್ತಲ್ಲಾ" ಅಂದರು. ನನ್ನ ಪಾರ್ಲರಿಗೇ ಬನ್ನಿ, ಜೊತೆಯಲ್ಲಿ ಮಾಡೋಣ ಅಂದೆ. "ಇನ್ನು ಆ ಕೆಲಸಕ್ಕೆ ಮನಸ್ಸಿಲ್ಲ" ಅಂದರು. ಅಷ್ಟೇ.

ಹಾಗಾದ್ರೆ ಸುಮ್ಮನಿರಬೇಕಾ?

"ಕೆಲಸ ನಿಜವಾಗಿಯೂ ಕೆಟ್ಟಿದ್ದರೆ ಬಾಯಿ ಮುಚ್ಚಿಕೊಂಡಿರಬೇಕಾ?" ಅಂತ ನೀವು ಕೇಳಬಹುದು. ಖಂಡಿತಾ ಬೇಡ. ಬಳಸಿದ ಬ್ಲೇಡನ್ನೇ ಮತ್ತೆ ಬಳಸುವವರು, ಹೇರ್ ಡೈ ಹಚ್ಚುವ ಎರಡು ದಿನ ಮೊದಲು ಕಿವಿಯ ಹಿಂದೆ ಅಥವಾ ಮೊಣಕೈ ಒಳಗೆ ಚೂರು ಹಚ್ಚಿ ಪರೀಕ್ಷೆ ಮಾಡದವರು ಇದ್ದೇ ಇದ್ದಾರೆ. ಡೈಯಲ್ಲೂ, ಕೆಲವು ಪ್ಯಾಕೆಟ್ ಕಪ್ಪು ಮೆಹೆಂದಿಯಲ್ಲೂ ಇರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಒಗ್ಗುವುದಿಲ್ಲ. ಮುಖ ಊದಿಕೊಳ್ಳುವಷ್ಟು ಅಲರ್ಜಿಯೂ ಆಗಬಹುದು. ಇದೆಲ್ಲ ಮುಚ್ಚಿಡುವ ವಿಷಯವೇ ಅಲ್ಲ.

ಆದರೆ ಹೇಳುವುದಕ್ಕೂ ಆಡಿಕೊಳ್ಳುವುದಕ್ಕೂ ವ್ಯತ್ಯಾಸ ಇದೆ ನೋಡಿ. ಗಿರಾಕಿಗೆ "ಮೊದಲು ಡಾಕ್ಟರಿಗೆ ತೋರಿಸಿ" ಅನ್ನಬೇಕು. ಕೆಲಸ ಮಾಡಿದವರಿಗೆ ನೇರವಾಗಿ ಫೋನ್ ಮಾಡಿ "ಹೀಗಾಗಿದೆ, ಏನು ಹಚ್ಚಿದ್ರಿ?" ಅಂತ ಕೇಳಬೇಕು. ಇದರಿಂದ ಗಿರಾಕಿಗೆ ಸರಿಯಾದ ಆರೈಕೆ ಸಿಗುತ್ತದೆ, ಆಕೆಯೂ ಮುಂದಿನ ಸಲ ಎಚ್ಚರವಾಗಿರುತ್ತಾಳೆ. ಆಡಿಕೊಂಡರೆ ಸಿಗೋದೇನು? ಒಬ್ಬ ಗಿರಾಕಿ, ಅಷ್ಟೇ. ನಾಳೆ ಅವರೇ ಇನ್ನೊಂದು ಕುರ್ಚಿಯಲ್ಲಿ ಕೂತು ನಮ್ಮ ಬಗ್ಗೆ ಕೇಳಿಸಿಕೊಳ್ಳುತ್ತಾರೆ!

ಕನ್ನಡಿಯ ಹಿಂದಿನ ಕಥೆ

ಇನ್ನು ಪಾರ್ಲರ್ ಒಳಗಿನ ಮಾತಿಗೆ ಬರೋಣ. ಗಿರಾಕಿ ಮುಂದೆಯೇ ಕೆಲಸ ಕಲಿಯುವ ಹುಡುಗಿಯನ್ನು "ಎಷ್ಟು ಸಲ ಹೇಳ್ಕೊಡಬೇಕು ನಿಂಗೆ?" ಅಂತ ಗದರುವ ಓನರ್‌ಗಳನ್ನು ನೀವೂ ನೋಡಿರುತ್ತೀರಿ. ಹಾಗೆ ಬೈಸಿಕೊಂಡವಳ ಕೈ ನಡುಗುತ್ತದೆ. ನಡುಗುವ ಕೈಯಲ್ಲಿ ದಾರ, ಕೆಳಗೆ ನಿಮ್ಮ ಹುಬ್ಬು! ತಿದ್ದುವುದಿದ್ದರೆ ಒಳಗೆ ಕರೆದು ತಿದ್ದಬೇಕು. ಗಿರಾಕಿ ಮುಂದೆ "ಕೊಡಮ್ಮಾ, ಇದೊಂಚೂರು ನಾನು ನೋಡ್ತೀನಿ" ಅಂದರೆ ಸಾಕು.

ಇನ್ನು ಕೆಲವು ಸೀನಿಯರ್‌ಗಳು ಬಣ್ಣ ಕಲಸುವ ಅಳತೆಯನ್ನು ಯಾರಿಗೂ ಹೇಳಿಕೊಡುವುದಿಲ್ಲ. ಕಲಿತರೆ ತನ್ನ ಅನ್ನಕ್ಕೇ ಕಲ್ಲು ಹಾಕುತ್ತಾಳೆ ಅನ್ನೋ ಭಯ. ಭಯ ಸುಳ್ಳಲ್ಲ, ಕಲಿತವಳು ಪಕ್ಕದಲ್ಲೇ ಅಂಗಡಿ ಹಾಕಿದ್ದೂ ಉಂಟು. ಹೋಗುವಾಗ ಗಿರಾಕಿಗಳ ನಂಬರ್ ಬರೆದುಕೊಂಡು ಹೋದವರೂ ಇದ್ದಾರೆ, ಅದೂ ತಪ್ಪೇ. ಆದರೆ ನಮಗೂ ಯಾರೋ ಒಬ್ಬರು ಕಲಿಸಿದ್ದರು ತಾನೇ?

ಮದುಮಗಳ ಮೇಕಪ್ ಫೋಟೋಗಳನ್ನೇ ನೋಡಿ. ಜಡೆ ಹೆಣೆದವಳು ಒಬ್ಬಳು, ಸೀರೆ ನೆರಿಗೆ ಹಿಡಿದವಳು ಇನ್ನೊಬ್ಬಳು. ಬೆಳಗಿನ ಜಾವ ಮೂರು ಗಂಟೆಗೆ ಎದ್ದು ಛತ್ರಕ್ಕೆ ಬಂದಿರುತ್ತಾರೆ. ಇನ್‌ಸ್ಟಾಗ್ರಾಮಿನಲ್ಲಿ ಮಾತ್ರ ಒಂದೇ ಹೆಸರು! ಕೆಳಗೆ ಇನ್ನೆರಡು ಹೆಸರು ಸೇರಿಸಲು ಎಷ್ಟು ಖರ್ಚಾಗುತ್ತೆ?

ದಿನವಿಡೀ ನಿಂತೇ ಮಾಡುವ ಕೆಲಸ ಇದು. ಅಂಗಡಿ-ಮುಂಗಟ್ಟುಗಳಲ್ಲಿ ಕೆಲಸ ಮಾಡುವವರಿಗೆ ಕೂರಲು ಅವಕಾಶ ಕೊಡಲೇಬೇಕು ಅಂತ ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಕಾನೂನು ತಿದ್ದಿದವು. ಕಷ್ಟಪಟ್ಟು ಕೇಳಿ ಪಡೆದ ಹಕ್ಕು ಅದು. ನಮ್ಮ ಪಾರ್ಲರಿಗೆ ಒಂದು ಸ್ಟೂಲ್ ತಂದು ಹಾಕಲು ನಾವು ಕಾನೂನಿಗೆ ಕಾಯಬೇಕಾ?

ಒಳ್ಳೆಯದನ್ನೂ ಹೇಳಬೇಕಲ್ಲ. 2012ರ ಆಗಸ್ಟ್‌ನಲ್ಲಿ ಗಾಳಿಸುದ್ದಿಗೆ ಹೆದರಿ ಈಶಾನ್ಯ ರಾಜ್ಯಗಳ ಸಾವಿರಾರು ಜನ ಬೆಂಗಳೂರು ಬಿಟ್ಟು ಗುವಾಹಟಿ ರೈಲು ಹತ್ತಿದರು, ನೆನಪಿದೆಯಾ? ನನ್ನಲ್ಲಿದ್ದ ಮಣಿಪುರದ ಹುಡುಗಿಯೂ ಬಟ್ಟೆ ಕಟ್ಟಿಕೊಂಡು ನಿಂತಿದ್ದಳು. ಮಂಡ್ಯ ಕಡೆಯ ಇನ್ನೊಬ್ಬ ಹುಡುಗಿ "ನಮ್ಮನೇಲಿರು ಬಾ" ಅಂತ ಕರೆದುಕೊಂಡು ಹೋದಳು. ಅದಕ್ಕೆ ಮೊದಲು ಇಬ್ಬರಿಗೂ ಟಿಪ್ಸ್ ವಿಷಯಕ್ಕೆ ದಿನಾ ಜಗಳ! ಹತ್ತು ದಿನ ಒಂದೇ ಚಾಪೆಯಲ್ಲಿ ಮಲಗಿದರು. ಆಮೇಲೆ ಟಿಪ್ಸ್‌ಗೆ ಒಂದೇ ಡಬ್ಬಿ ಇಟ್ಟರು. ಆ ಪದ್ಧತಿ ನಮ್ಮಲ್ಲಿ ಈಗಲೂ ಇದೆ.

ಬ್ರಷ್ ಹಿಡಿಯಲು ಕೋರ್ಟಿಗೆ!

ಸಹೋದ್ಯೋಗಿಗಳ ಅಸೂಯೆ ಎಲ್ಲಿಗೆ ಮುಟ್ಟಬಹುದು ಅನ್ನೋದಕ್ಕೆ ಮುಂಬೈ ಸಿನಿಮಾರಂಗದ ಕಥೆ ಕೇಳಿ. ಅಲ್ಲಿನ ಮೇಕಪ್ ಕಲಾವಿದರ ಸಂಘದಲ್ಲಿ ದಶಕಗಳಿಂದ ಹೆಂಗಸರಿಗೆ ಮೇಕಪ್ ಕಾರ್ಡೇ ಕೊಡುತ್ತಿರಲಿಲ್ಲ. ಹೆಂಗಸರು ಕೂದಲು ಬಾಚಬಹುದು, ಮುಖಕ್ಕೆ ಬಣ್ಣ ಹಚ್ಚುವುದು ಮಾತ್ರ ಗಂಡಸರ ಕೆಲಸ! ಕಾರ್ಡ್ ಇಲ್ಲದಿದ್ದರೆ ಶೂಟಿಂಗ್‌ನಲ್ಲಿ ಕೆಲಸವೇ ಇಲ್ಲ. ಇದನ್ನು ಪ್ರಶ್ನಿಸಿ ಮೇಕಪ್ ಕಲಾವಿದೆ ಚಾರು ಖುರಾನಾ ಮತ್ತಿತರರು ಸುಪ್ರೀಂ ಕೋರ್ಟಿನ ಬಾಗಿಲು ತಟ್ಟಿದರು. 2014ರ ನವೆಂಬರ್ 10ರಂದು ಕೋರ್ಟ್ ಆ ನಿಯಮ ಸಂವಿಧಾನಕ್ಕೆ ವಿರುದ್ಧ ಅಂತ ತೀರ್ಪು ಕೊಟ್ಟಿತು.

ತಮ್ಮ ಪಕ್ಕದಲ್ಲೇ ನಿಂತು ದುಡಿಯುವ ಹೆಂಗಸಿನ ಕೈಗೆ ಬ್ರಷ್ ಸಿಗದಂತೆ ನೋಡಿಕೊಂಡವರು ಅದೇ ವೃತ್ತಿಯವರು ಅನ್ನೋದನ್ನ ಗಮನಿಸಿ. ಅನ್ನ ಹಂಚಿಹೋಗುತ್ತೆ ಅನ್ನೋ ಅದೇ ಭಯ! ಆ ತೀರ್ಪಿನ ಸುದ್ದಿ ಓದಿದಾಗ ನನಗೆ ಫಾಲ್ಸ್ ಹಾಕುತ್ತಾ ಕೂತಿದ್ದ ಆ ಹೆಂಗಸು ನೆನಪಾದರು. ಆಕೆಯ ಕೈಯಿಂದ ಬ್ರಷ್ ಕಿತ್ತುಕೊಳ್ಳಲು ಯಾವ ಸಂಘವೂ ಬೇಕಾಗಲಿಲ್ಲ. ನನ್ನ ನಾಲಿಗೆಯೇ ಸಾಕಾಯಿತು.

ನಿಮ್ಮ ಕೈಲೂ ಇದೆ

"ಇದು ಬ್ಯೂಟಿಷಿಯನ್‌ಗಳ ವಿಷಯ, ನಮಗ್ಯಾಕೆ?" ಅಂತೀರಾ? ಮಾತು ಹೊತ್ತುಕೊಂಡು ಹೋಗುವವರು ಇಲ್ಲದಿದ್ದರೆ ಮಾತು ಎಷ್ಟು ದೂರ ಹೋದೀತು ಹೇಳಿ! ಇಷ್ಟನ್ನು ಮಾಡಿ ನೋಡಿ:

* ಮುಖಕ್ಕೆ ಏನು ಹಚ್ಚುತ್ತೀರಿ, ಯಾವ ಮಾತ್ರೆ ನುಂಗುತ್ತೀರಿ ಅನ್ನೋದನ್ನ ಪಾರ್ಲರಿನಲ್ಲಿ ಮುಚ್ಚಿಡಬೇಡಿ. ಕೇಳದಿದ್ದರೂ ಹೇಳಿ. 2018ರಲ್ಲಿ ಹಲವು ಸ್ಟೆರಾಯ್ಡ್ ಕ್ರೀಮ್‌ಗಳನ್ನು ಡಾಕ್ಟರ ಚೀಟಿ ಇಲ್ಲದೆ ಮಾರಬಾರದು ಅಂತ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಅಂಥವನ್ನು ನೀವಾಗೇ ತಂದು ಹಚ್ಚಬೇಡಿ.

* ಯಾರಾದರೂ ಬೇರೆ ಪಾರ್ಲರಿನವರನ್ನು ಆಡಿಕೊಂಡರೆ ತಲೆ ಆಡಿಸಬೇಡಿ. "ಅದಿರಲಿ, ಈಗ ಏನು ಮಾಡಬಹುದು ಹೇಳಿ" ಅನ್ನಿ. ಮಾತು ಅಲ್ಲೇ ನಿಲ್ಲುತ್ತೆ.

* "ಅಲ್ಲಿ ಐವತ್ತು ರೂಪಾಯಿ ಕಮ್ಮಿ" ಅಂತ ಒಬ್ಬರ ಮೇಲೆ ಒಬ್ಬರನ್ನು ಎತ್ತಿಕಟ್ಟಬೇಡಿ. ಕೆಲಸದ ಹುಡುಗಿಯನ್ನು ಓನರ್‌ಗೆ ಗೊತ್ತಿಲ್ಲದೆ ಕಮ್ಮಿ ರೇಟಿಗೆ ಮನೆಗೆ ಕರೆಯಬೇಡಿ. ಗೊತ್ತಾದರೆ ಹೋಗುವುದು ಅವಳ ಕೆಲಸ.

* "ಏಯ್ ಹುಡುಗಿ" ಬೇಡ. ಹೆಸರು ಕೇಳಿ, ಹೆಸರು ಹಿಡಿದು ಕರೆಯಿರಿ.

* ಮನೆಯಲ್ಲೇ ಒಂದು ರೂಮಿನಲ್ಲಿ ಪಾರ್ಲರ್ ಶುರು ಮಾಡುವ ಆಸೆ ಇದೆಯಾ? ಬೋರ್ಡ್ ಹಾಕುವ ಮೊದಲು ಅಕ್ಕಪಕ್ಕದ ಬೀದಿಯಲ್ಲಿ ಈಗಾಗಲೇ ಪಾರ್ಲರ್ ಇಟ್ಟವರನ್ನು ಹೋಗಿ ಮಾತಾಡಿಸಿ. ಕಷ್ಟಕ್ಕೆ ಆಗುವವರು ಅವರೇ.

* ಕೆಲಸದ ಜಾಗದಲ್ಲಿ ಯಾರಾದರೂ ಕೆಟ್ಟದಾಗಿ ನಡೆದುಕೊಂಡರೆ 2013ರ ಕಾಯ್ದೆ ಪಾರ್ಲರಿನ ಹುಡುಗಿಯರಿಗೂ ಅನ್ವಯಿಸುತ್ತದೆ. ಹತ್ತಕ್ಕಿಂತ ಕಡಿಮೆ ಜನ ಇರುವ ಕಡೆಯವರು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ನಿಮ್ಮ ಪರಿಚಯದ ಹುಡುಗಿಗೆ ಇದನ್ನು ತಿಳಿಸಿ.

ಆ ಘಟನೆಯ ನಂತರ ನನ್ನ ಪಾರ್ಲರಿನಲ್ಲಿ ಒಂದು ನಿಯಮ ಮಾಡಿದ್ದೇವೆ. ಕುರ್ಚಿಯಲ್ಲಿ ಕೂತವರಿಗೆ ಮೊದಲ ಪ್ರಶ್ನೆ "ಯಾರು ಮಾಡಿದ್ದು?" ಅಲ್ಲ. "ಏನೇನು ಹಚ್ಚಿಕೊಂಡಿದ್ದೀರಿ?" ಅನ್ನೋದು. ಹೊಸದಾಗಿ ಬಂದ ಹುಡುಗಿ ಮರೆತು "ಅಯ್ಯೋ, ಯಾರ್ರೀ ಇದು..." ಅಂತ ಶುರು ಮಾಡಿದರೆ ಉಳಿದವರು ಕೆಮ್ಮುತ್ತಾರೆ. ನನ್ನ ಬಾಯಿಂದ ಬಂದರೂ ಕೆಮ್ಮುತ್ತಾರೆ!

ಮುಂದಿನ ಸಲ ಪಾರ್ಲರಿಗೆ ಹೋದಾಗ ಈ ಮಾತು ಕೇಳಿಬಂದರೆ ನೀವೂ ಒಮ್ಮೆ ಕೆಮ್ಮಿಬಿಡಿ. ಏನಂತೀರಾ?