ಮೀನುತೊಟ್ಟಿಯ ಕದಡಿದ ನೀರು

ಗಾಜಿನ ತೊಟ್ಟಿಯ ನೀರು ಹಾಲು ಬೆರೆತಂತೆ ಬೆಳ್ಳಗಾದೊಡನೆ ಅದನ್ನೆಲ್ಲ ಚೆಲ್ಲಿ ಹೊಸನೀರು ತುಂಬುವ ವಾಡಿಕೆ ಸರಿಯಲ್ಲ. ಮೀನುಗಳು ಮಿತಿಮೀರಿದಲ್ಲಿ ಮಲವೂ ಉಳಿದ ಆಹಾರವೂ ಕೊಳೆಯುವುವು. ಅದನ್ನುಂಡು ಬೆಳೆದ ಸೂಕ್ಷ್ಮಜೀವಿಗಳೇ ಈ ಬಿಳುಪಿಗೆ ಕಾರಣ. ಅವು ಆಮ್ಲಜನಕವನ್ನು ಕಬಳಿಸುವುದರಿಂದ ಮೀನುಗಳು ಮೇಲೆ ಬಂದು ಬಾಯಿಬಿಡತೊಡಗುವುವು.

ಮೊದಲು ಹೆಚ್ಚಿನ ಮೀನುಗಳನ್ನು ಸ್ಥಳವುಳ್ಳ ಸಾಕಣೆಗಾರರಿಗೆ ಒಪ್ಪಿಸಬೇಕು, ಕೆರೆಗೆ ಬಿಡಲಾಗದು. ಎರಡು ದಿನ ಆಹಾರ ನಿಲ್ಲಿಸಿ, ದಿನಕ್ಕೆ ಕಾಲುಭಾಗ ನೀರನ್ನು ಮಾತ್ರ, ಕ್ಲೋರಿನ್ ನೀಗಿಸಿದ ಅಷ್ಟೇ ಬೆಚ್ಚಗಿನ ನೀರಿನಿಂದ ಬದಲಿಸತಕ್ಕದ್ದು. ಶೋಧಕದ ಸ್ಪಂಜನ್ನು ನಲ್ಲಿಯ ನೀರಿನಲ್ಲಿ ತೊಳೆಯಬಾರದು. ಅಮೋನಿಯಾ ವಿಷವನ್ನು ನೈಟ್ರೇಟಾಗಿ ಮಾರ್ಪಡಿಸುವ ಹಿತಜೀವಿಗಳು ಅಲ್ಲಿಯೇ ನೆಲೆಸಿರುವುವು. ತೊಟ್ಟಿಯಿಂದ ತೆಗೆದ ನೀರಿನಲ್ಲಿ ಹಿಂಡಿದರೆ ಸಾಕು.

ನೀರು ತಿಳಿಯಾದ ಮಾತ್ರಕ್ಕೆ ನಿಶ್ಚಿಂತರಾಗಲಾಗದು. ಅಮೋನಿಯಾ ಕಣ್ಣಿಗೆ ಕಾಣದು, ಪರೀಕ್ಷೆಯಿಂದಲೇ ಅದನ್ನರಿಯಬೇಕು.