ಮಗ್ಗ ಮಾರಿ ಮೋಜಿನ ವ್ಯಾಪಾರ

ಮೊನ್ನೆ ಭಾನುವಾರ ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಮೊಳಕಾಲ್ಮೂರಿನಿಂದ ಮನೆಗೆ ಬಂದಿದ್ದ. ರೇಷ್ಮೆ ಸೀರೆ ನೇಯುವ ಮನೆತನದ ಹುಡುಗ. "ಸಾರ್, ಇರುವ ಎರಡು ಮಗ್ಗಗಳಲ್ಲಿ ಒಂದನ್ನು ಮಾರಿ ಹೊಸ ವ್ಯಾಪಾರ ಹೂಡಬೇಕೆಂದಿದ್ದೇನೆ. ತಾವು ನಮ್ಮ ತಂದೆಗೆ ಒಂದು ಮಾತು ಹೇಳಬೇಕು" ಎಂದ.

"ಯಾವ ವ್ಯಾಪಾರವಯ್ಯಾ?" ಎಂದೆ.

ಚಳ್ಳಕೆರೆಯ ಬಾರುಗಳಲ್ಲಿ ಸಂಜೆಯ ಹೊತ್ತು ಸಂಗೀತದ ವಿಡಿಯೋ ಆಟ ನಡೆಸುವುದಂತೆ! ಪರದೆಯ ಮೇಲೆ ಬಣ್ಣಬಣ್ಣದ ಗುರುತುಗಳು ಸರಿದು ಬರುತ್ತವೆ. ಗಿರಾಕಿಯು ಆಟಿಕೆಯ ಗಿಟಾರಿನ ಗುಂಡಿಗಳನ್ನು ತಾಳಕ್ಕೆ ಸರಿಯಾಗಿ ಒತ್ತಿದರೆ ಅಂಕ, ತಪ್ಪಿದರೆ ಅಪಸ್ವರ. ಜನ ವಿರಳವಾಗಿರುವ ದಿನಗಳಲ್ಲಿ ಗಿರಾಕಿಗಳನ್ನು ಸೇರಿಸಿಕೊಟ್ಟದ್ದಕ್ಕೆ ಮಾಲೀಕರು ರಾತ್ರಿಗೆ ಇಷ್ಟೆಂದು ಹಣ ಕೊಡಬೇಕು. ಇದು ಅವನ ಲೆಕ್ಕ.

ವಾಚಕ ಮಹಾಶಯರು ನಗಬಾರದು. ಕೇಳುವವನಿಗೂ ಒಂದು ಗಳಿಗೆ ತಾನೇ ಹಾಡುಗಾರನಾಗುವ ಆಸೆ ಇದ್ದೇ ಇರುತ್ತದೆ. ಆ ಆಸೆಯನ್ನು ನಂಬಿದವರು ಹಿಂದೆಯೂ ಇದ್ದರು. ಜಪಾನಿನ ಕೋಬೆ ನಗರದ ಬಾರುಗಳಲ್ಲಿ ಗಿರಾಕಿಗಳ ಹಾಡಿಗೆ ವಾದ್ಯ ನುಡಿಸುತ್ತಿದ್ದ ಇನೋಯೆ ಡೈಸುಕೆ ಎಂಬಾತ 1971ರಲ್ಲಿ, ತಾನಿಲ್ಲದೆಯೂ ವಾದ್ಯ ನುಡಿಯುವ 11 ಯಂತ್ರಗಳನ್ನು ಮಾಡಿಸಿ ಬಾರುಗಳಿಗೆ ಬಾಡಿಗೆಗೆ ಕೊಟ್ಟ. ಇಂದು ಲೋಕವೆಲ್ಲ ಬಲ್ಲ ಕರೋಕೆಗೆ ಅದೇ ನಾಂದಿ. ಪೇಟೆಂಟ್ ಪಡೆಯದೆ ದೊಡ್ಡ ಲಾಭವನ್ನು ಆತ ಕಳೆದುಕೊಂಡನೆಂಬುದು ಬೇರೆ ಮಾತು.

ನಮ್ಮ ಹುಡುಗ ಹೇಳಿದ ಆಟದ ಚರಿತ್ರೆ ಇನ್ನೊಂದು ಬಗೆಯದು. ಅಮೆರಿಕದಲ್ಲಿ 2005ರಲ್ಲಿ 'ಗಿಟಾರ್ ಹೀರೋ' ಬಂದಿತು. 2007ರಲ್ಲಿ ಡ್ರಮ್ಮು, ಮೈಕುಗಳನ್ನೂ ಕೂಡಿಸಿಕೊಂಡು 'ರಾಕ್ ಬ್ಯಾಂಡ್' ಬಂದಿತು. ಅಲ್ಲಿನ ಬಾರುಗಳಲ್ಲಿ ಆಟದ ರಾತ್ರಿಗಳು ನಡೆದವು. ಆದರೆ ಮೇಲಿಂದ ಮೇಲೆ ಹೊಸ ಕಂತುಗಳನ್ನು ಸುರಿದುದರಿಂದ ಜನಕ್ಕೆ ಬೇಸರ ಹತ್ತಿತು. 2011ರಲ್ಲಿ ಆಕ್ಟಿವಿಷನ್ ಕಂಪೆನಿ 'ಗಿಟಾರ್ ಹೀರೋ' ವಿಭಾಗವನ್ನೇ ಮುಚ್ಚಿತು. ಬಂದದ್ದು 2005, ಬಾಗಿಲು ಹಾಕಿದ್ದು 2011. ಮಗ್ಗವಾದರೋ ತಲೆಮಾರುಗಳಿಂದ ನಡೆದಿದೆ.

ಇಷ್ಟನ್ನು ಹೇಳಿ, ಮತ್ತೆರಡು ಮಾತು ಸೇರಿಸಿದೆ. ಆ ಆಟಗಳಲ್ಲಿರುವುದು ಬಹುಪಾಲು ಪಾಶ್ಚಾತ್ಯ ರಾಕ್ ಸಂಗೀತ. ಚಳ್ಳಕೆರೆಯ ಶೇಂಗಾ ಮಂಡಿಯಿಂದ ದಣಿದು ಬಂದವನ ನಾಲಗೆಯ ಮೇಲೆ ಇರುವುದು ರಾಜಕುಮಾರ್ ಹಾಡು. ಅವನಿಗೆ ಕನ್ನಡದ ಕರೋಕೆಯೇ ಹತ್ತಿರ. ಎರಡನೆಯದಾಗಿ, ಮನೆಯ ಬಳಕೆಗೆಂದು ಕೊಂಡ ಆಟವನ್ನು ಹಣಕ್ಕಾಗಿ ಆಡಿಸುವಂತಿಲ್ಲ. ಸಾರ್ವಜನಿಕವಾಗಿ ಹಾಡು ನುಡಿಸಲು ಹಕ್ಕುದಾರರ ಪರವಾನಗಿಯೂ ಬೇಕು.

"ಹಾಗಾದರೆ ಬೇಡವೆನ್ನುತ್ತೀರಾ, ಸಾರ್?"

"ವ್ಯಾಪಾರ ಬೇಡವೆನ್ನಲಿಲ್ಲ; ಮಗ್ಗ ಮಾರಬೇಡ ಎಂದೆ. ಪರದೆ, ಮೈಕುಗಳನ್ನು ತಿಂಗಳ ಮಟ್ಟಿಗೆ ಬಾಡಿಗೆಗೆ ತಂದು ನೋಡು. ಆಟವಿದ್ದ ರಾತ್ರಿಯ ಗಲ್ಲಾ ಎಷ್ಟು, ಇಲ್ಲದ ರಾತ್ರಿಯದೆಷ್ಟು ಎಂದು ಮಾಲೀಕರಿಂದಲೇ ಬರೆಸಿಕೊ."

ಹುಡುಗ ತುಸು ಹೊತ್ತು ಸುಮ್ಮನಿದ್ದ. ಬಳಿಕ, "ಮಗ್ಗದಿಂದಲೇ ಹೊಟ್ಟೆ ತುಂಬುವಂತಿದ್ದರೆ ನಾನೇಕೆ ತಮ್ಮಲ್ಲಿಗೆ ಬರುತ್ತಿದ್ದೆ, ಸಾರ್?" ಎಂದ.

ನಾನು ಓದಿದ ಎಂ.ಎ.ಯಲ್ಲಿ ಈ ಪ್ರಶ್ನೆಗೆ ಉತ್ತರವಿರಲಿಲ್ಲ. ಬರುವ ಭಾನುವಾರ ಮೊಳಕಾಲ್ಮೂರಿಗೆ ಬಂದು, ಅವನ ತಂದೆಯೊಡನೆ ಕುಳಿತು, ಮಗ್ಗದ ಲೆಕ್ಕವನ್ನೂ ಮೋಜಿನ ಲೆಕ್ಕವನ್ನೂ ಒಂದೇ ಹಾಳೆಯಲ್ಲಿ ಬರೆದು ನೋಡುವುದಾಗಿ ಮಾತು ಕೊಟ್ಟಿದ್ದೇನೆ.