ಹೆಸರು ನಂಬಿ ಗಿಡ ತರಬೇಡಿ

ಇಪ್ಪತ್ತೈದು ವರ್ಷಗಳಿಂದ ಹೈಸ್ಕೂಲು ಮಕ್ಕಳಿಗೆ ದ್ವಿನಾಮ ಪದ್ಧತಿಯ ಪಾಠ ಹೇಳುತ್ತಾ ಬಂದಿದ್ದೇನೆ. ಸ್ವೀಡನ್ನಿನ ಕಾರ್ಲ್ ಲಿನೇಯಸ್, 1753ರಲ್ಲಿ ಪ್ರಕಟವಾದ ಅವನ ಸಸ್ಯಗ್ರಂಥ, ಪ್ರತಿ ಗಿಡಕ್ಕೂ ಎರಡು ಪದದ ಲ್ಯಾಟಿನ್ ಹೆಸರು. ಪರೀಕ್ಷೆಗೆ ಎರಡು ಅಂಕದ ಪ್ರಶ್ನೆ. ಪಾಠವನ್ನು ಅಷ್ಟಕ್ಕೇ ಮುಗಿಸುತ್ತಿದ್ದೆ. ಆ ಎರಡು ಪದಗಳ ಬೆಲೆ ಎರಡು ಅಂಕಕ್ಕಿಂತ ಹೆಚ್ಚೆಂದು ನನಗೆ ತಿಳಿದದ್ದು ಒಂದು ನಾಯಿಮರಿಯಿಂದ.

ಕೆಲವು ವರ್ಷಗಳ ಹಿಂದೆ ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಕೇಳಿದಳು: "ಸಾರ್, ನಮ್ಮನೆಗೆ ನಾಯಿಮರಿ ತಂದಿದ್ದೀವಿ. ವರಾಂಡದಲ್ಲಿ ಪಾಮ್ ಗಿಡ ಇದೆ. ಅದನ್ನು ಕಚ್ಚಿದರೆ ಏನಾದರೂ ಆಗುತ್ತಾ?" ನಾನು ನಕ್ಕು, "ಪಾಮ್ ಅಂದರೆ ತೆಂಗು, ಅಡಿಕೆಯ ಬಳಗ. ಏನೂ ಆಗಲ್ಲ ಹೋಗಮ್ಮಾ" ಎಂದೆ. ಗಿಡ ಯಾವುದೆಂದು ನೋಡಲಿಲ್ಲ. ಒಂದು ಎಲೆ ತಾ ಎಂದೂ ಹೇಳಲಿಲ್ಲ.

ಹದಿನೈದು ದಿನದ ಮೇಲೆ ಆ ಮರಿ ಕುಂಡದ ಮಣ್ಣು ಕೆದಕಿ ಗಿಡದ ಬುಡವನ್ನೇ ಅಗಿಯಿತು. ಅಂದೇ ವಾಂತಿ ಶುರುವಾಯಿತು. ಸಾರ್ ಹೇಳಿದ್ದಾರಲ್ಲ ಎಂದು ಮನೆಯವರು ಒಂದು ದಿನ ಕಾದರು. ಮೂರನೆಯ ದಿನ ಮರಿ ಸತ್ತಿತು. ಯಕೃತ್ತು ಪೂರ್ತಿ ಕೆಟ್ಟಿತ್ತೆಂದು ಪಶುವೈದ್ಯರು ಹೇಳಿದರಂತೆ. ನಾನು ಅವರ ಮನೆಗೆ ಹೋಗಿ ನೋಡಿದೆ. ಕುಂಡದಲ್ಲಿದ್ದದ್ದು ಸಾಗೋ ಪಾಮ್.

ಸಾಗೋ ಪಾಮ್ ಪಾಮ್ ಅಲ್ಲವೇ ಅಲ್ಲ! ಅದು ಸೈಕಸ್ ರೆವಲ್ಯೂಟಾ. ಜಪಾನಿನ ದಕ್ಷಿಣ ಭಾಗದ ಗಿಡ. ಗರಿ ನೋಡಿದರೆ ತೆಂಗಿನ ತಮ್ಮನಂತೆ ಕಾಣುತ್ತದೆ, ನಿಜ. ಆದರೆ ಅದು ಹೂ ಬಿಡುವ ಗಿಡವಲ್ಲ. ಪೈನ್ ಮರದ ಹಾಗೆ ಶಂಕು ಬಿಡುವ ಅನಾವೃತಬೀಜ ಸಸ್ಯ. ಅದರ ಎಲೆ, ಬುಡ, ಬೇರು ಎಲ್ಲದರಲ್ಲೂ ಸೈಕಾಸಿನ್ ಎಂಬ ವಿಷವಿದೆ. ಬೀಜದಲ್ಲಂತೂ ಇನ್ನೂ ಹೆಚ್ಚು. ಅದು ಹಾಳುಮಾಡುವುದು ಯಕೃತ್ತನ್ನು. (ತಾಯಂದಿರು ಗಾಬರಿಯಾಗಬೇಡಿ. ನಮ್ಮ ಸಬ್ಬಕ್ಕಿ ಈ ಗಿಡದ್ದಲ್ಲ, ಮರಗೆಣಸಿನ ಪಿಷ್ಟದ್ದು.)

ಇನ್ನು ಅರೆಕಾ ಪಾಮ್ ನೋಡಿ. ಮಡಗಾಸ್ಕರ್ ದ್ವೀಪದ ಈ ಗಿಡದ ಹೆಸರು ಡಿಪ್ಸಿಸ್ ಲುಟೆಸೆನ್ಸ್. ಕ್ರೈಸಾಲಿಡೊಕಾರ್ಪಸ್ ಲುಟೆಸೆನ್ಸ್ ಎಂದೂ ಬರೆಯುವುದುಂಟು. ಇದು ಅಡಿಕೆಯಲ್ಲ, ಆದರೆ ಅಡಿಕೆಯ ಕುಟುಂಬದ ನಿಜವಾದ ಪಾಮ್. ನಾಯಿ ಬೆಕ್ಕುಗಳಿಗೆ ಇದರಿಂದ ವಿಷವಿಲ್ಲ. ನರ್ಸರಿಯಲ್ಲಿ ಎರಡೂ ಅಕ್ಕಪಕ್ಕ ಇರುತ್ತವೆ, ಎರಡಕ್ಕೂ ಪಾಮ್ ಎಂದೇ ಹೆಸರು!

ಲಿಲ್ಲಿಯ ಕಥೆಯೂ ಹೀಗೆಯೇ. ಲಿಲಿಯಂ ಜಾತಿಯ ನಿಜವಾದ ಲಿಲ್ಲಿ ಬೆಕ್ಕಿಗೆ ಮೃತ್ಯು. ಮೈಮೇಲೆ ಬಿದ್ದ ಪರಾಗವನ್ನು ನೆಕ್ಕಿಕೊಂಡರೂ, ಹೂದಾನಿಯ ನೀರು ಕುಡಿದರೂ ಮೂತ್ರಪಿಂಡ ಕೆಡಬಹುದು. ಹೆಮರೊಕ್ಯಾಲಿಸ್ ಎಂಬ ಡೇ ಲಿಲ್ಲಿ ಬೇರೆ ಜಾತಿಯದಾದರೂ ಬೆಕ್ಕಿಗೆ ಅಷ್ಟೇ ಅಪಾಯ. ಪೀಸ್ ಲಿಲ್ಲಿಯಾದರೋ ಲಿಲ್ಲಿಯೇ ಅಲ್ಲ. ಅದು ನಮ್ಮ ಕೆಸುವಿನ ನೆಂಟ. ಮನಿ ಪ್ಲಾಂಟ್, ಡೀಫೆನ್‌ಬೇಕಿಯಾ ಕೂಡ ಅದೇ ಕುಟುಂಬದವು. ಪತ್ರೊಡೆಗೆ ಹುಣಸೆಹುಳಿ ಏಕೆ ಹಾಕುತ್ತಾರೆ? ಕೆಸುವಿನ ಎಲೆ ಗಂಟಲು ತುರಿಸದಿರಲೆಂದು ತಾನೆ? ಆ ತುರಿಕೆಗೆ ಕಾರಣ ಸೂಜಿಯಂಥ ಕ್ಯಾಲ್ಸಿಯಂ ಆಕ್ಸಲೇಟ್ ಹರಳುಗಳು. ಮನಿ ಪ್ಲಾಂಟ್ ಅಗಿದ ಬೆಕ್ಕು ಜೊಲ್ಲು ಸುರಿಸುತ್ತಾ ಬಾಯಿ ಉಜ್ಜಿಕೊಳ್ಳುವುದು ಇವುಗಳಿಂದಲೇ. ಸಾಮಾನ್ಯವಾಗಿ ಜೀವಕ್ಕೆ ಅಪಾಯವಿಲ್ಲ, ನೋವಂತೂ ಉಂಟು. ಮನುಷ್ಯರ ಮದ್ದೆಂದು ಬೆಳೆಸುವ ಲೋಳೆಸರ ಕೂಡ ನಾಯಿ ಬೆಕ್ಕುಗಳಲ್ಲಿ ವಾಂತಿ ಭೇದಿ ತರಬಲ್ಲದು.

ಹಾಗಾದರೆ ಯಾವ ಗಿಡ ಇಡಬಹುದು? ಅರೆಕಾ ಪಾಮ್ ಇರಲಿ. ಸ್ಪೈಡರ್ ಪ್ಲಾಂಟ್, ಅಂದರೆ ಕ್ಲೋರೊಫೈಟಂ ಕೊಮೋಸಂ, ಇರಲಿ. ಬಾಸ್ಟನ್ ಫರ್ನ್ ಎಂಬ ಜರಿಗಿಡ ನೆಫ್ರೊಲೆಪಿಸ್ ಎಕ್ಸಾಲ್ಟೇಟಾ, ಆಫ್ರಿಕನ್ ವಯಲೆಟ್ ಕೂಡ ಆಗಬಹುದು. ಬಿಸಿಲಿದ್ದರೆ ದಾಸವಾಳ, ಗುಲಾಬಿ. ಇವು ವಿಷವಲ್ಲ. ಆದರೂ ಹೊಟ್ಟೆತುಂಬ ಎಲೆ ತಿಂದ ಬೆಕ್ಕು ವಾಂತಿ ಮಾಡೀತು.

ಆರೈಕೆ ಕಷ್ಟವೇನಲ್ಲ. ಸ್ಪೈಡರ್ ಪ್ಲಾಂಟಿಗೂ ಅರೆಕಾಕ್ಕೂ ಕಿಟಕಿಯ ಬೆಳಕು ಬೇಕು, ನೆತ್ತಿಯ ಬಿಸಿಲು ಬೇಡ. ಮಣ್ಣಿಗೆ ಬೆರಳು ಚುಚ್ಚಿ; ಮೇಲಿನ ಒಂದಂಗುಲ ಒಣಗಿದ್ದರೆ ಮಾತ್ರ ನೀರು. ಜರಿಗಿಡಕ್ಕೆ ಮಣ್ಣು ಸದಾ ತೇವವಾಗಿರಲಿ. ಕುಂಡದ ತಳದಲ್ಲಿ ತೂತಿರಲಿ. ಗೊಬ್ಬರದ ವಿಷಯದಲ್ಲಿ ಎಚ್ಚರ! ಹರಳು ಹಿಂಡಿ ಹಾಕಬೇಡಿ. ಅದರಲ್ಲಿ ರಿಸಿನ್ ಎಂಬ ಘೋರ ವಿಷ ಉಳಿದಿರಬಹುದು, ನಾಯಿ ಆಸೆಪಟ್ಟು ತಿನ್ನುವುದೂ ಉಂಟು. ಬದಲಿಗೆ ಎರೆಗೊಬ್ಬರ ಹಾಕಿ. ಮರಿ ಮಣ್ಣು ಕೆದಕುತ್ತಿದ್ದರೆ ಕುಂಡದ ಮೇಲೆ ದೊಡ್ಡ ಕಲ್ಲುಗಳನ್ನು ಹರಡಿ.

ಇಷ್ಟಾಗಿಯೂ ಪ್ರಾಣಿ ವಿಷದ ಗಿಡ ತಿಂದಿತೆನ್ನಿ. ಬಾಯಲ್ಲಿ ಉಳಿದದ್ದನ್ನು ತೆಗೆಯಿರಿ. ಉಪ್ಪುನೀರು ಕುಡಿಸಿ ವಾಂತಿ ಮಾಡಿಸಲು ಹೋಗಬೇಡಿ. ಆ ಉಪ್ಪೇ ಅಪಾಯವಾದೀತು. ಲಕ್ಷಣ ಕಾಣಲಿ ಎಂದು ಕಾಯದೆ, ಗಿಡದ ಒಂದು ತುಂಡನ್ನು ಕೈಯಲ್ಲಿ ಹಿಡಿದು ತಕ್ಷಣ ಪಶುವೈದ್ಯರಲ್ಲಿಗೆ ಹೋಗಿ. ಲಿಲ್ಲಿ, ಸೈಕಸ್ ವಿಷಯದಲ್ಲಿ ಒಂದೊಂದು ಗಂಟೆಯೂ ಮುಖ್ಯ.

ವಿದ್ಯಾರ್ಥಿಗಳೇ, ಈ ಭಾನುವಾರ ನಿಮಗೊಂದು ಕೆಲಸ. ಮನೆಯ ಪ್ರತಿ ಕುಂಡದ ಗಿಡದ ಎರಡು ಪದದ ಹೆಸರನ್ನು ಹುಡುಕಿ, ಐಸ್‌ಕ್ರೀಮ್ ಕಡ್ಡಿಯ ಮೇಲೆ ಬರೆದು ಸಿಕ್ಕಿಸಿ. ಹೆಸರು ಸಿಗದ ಗಿಡ ಸಿಗುವವರೆಗೂ ಎತ್ತರದಲ್ಲಿರಲಿ. ಪೋಷಕರೇ, ನರ್ಸರಿಯವರು ಬರೀ "ಪಾಮ್", "ಲಿಲ್ಲಿ" ಎಂದರೆ ಪೂರ್ತಿ ಹೆಸರು ಕೇಳಿ. ಹೇಳಲಾಗದಿದ್ದರೆ ಆ ಗಿಡ ಅಲ್ಲೇ ಇರಲಿ.

ಆ ಹುಡುಗಿ ನನ್ನ ಮೇಲೆ ಸಿಟ್ಟಾಗಲಿಲ್ಲ. "ನಾನೇ ಎಲೆ ತಂದು ತೋರಿಸಬೇಕಿತ್ತು ಸಾರ್" ಎಂದಳು. ಅಲ್ಲ, ಕೇಳಬೇಕಾದವನು ನಾನು. ಈಗ ಯಾವ ಮಗು ಯಾವ ಗಿಡದ ಬಗ್ಗೆ ಪ್ರಶ್ನೆ ತಂದರೂ ನನ್ನ ಮೊದಲ ಮಾತು ಒಂದೇ: "ನಾಳೆ ಒಂದು ಎಲೆ ತಗೊಂಡು ಬಾ, ನೋಡಿ ಹೇಳ್ತೀನಿ."